ಹಾಲಕ್ಕ ತಾನೇ ಹೇಳಿಕೊಂಡದ್ದು

ಬೀದಿಯವರೆಲ್ಲ ಅವಳನ್ನು ಹಾಲಕ್ಕ ಎಂದೇ ಕರೆಯುತ್ತಿದ್ದರು. ಅವಳ ಮಗಳು ಮದುವೆಯಾಗಲು ಒಪ್ಪಿದ ಹುಡುಗ ಚೀನಾದವನು. ಇಬ್ಬರೂ ದೂರದ ಊರಿನ ಒಂದೇ ಆಸ್ಪತ್ರೆಯಲ್ಲಿ ನರ್ಸುಗಳು. ಮೊದಲ ಸಲ ಎರಡೂ ಮನೆಯವರು ವಿಡಿಯೊ ಕಾಲ್‌ನಲ್ಲಿ ಮುಖ ನೋಡಿಕೊಂಡಾಗ ಹಾಲಕ್ಕ ಇಸ್ತ್ರಿ ಬಟ್ಟೆ ತೊಟ್ಟು ಕುರ್ಚಿಯ ಅಂಚಿನಲ್ಲಿ ಕೂತು ಬರೀ ನಕ್ಕಳು. ಆಚೆಯ ಬೀಗಿತ್ತಿಯೂ ನಕ್ಕಳು. ಮಾತೆಲ್ಲ ಮಕ್ಕಳದ್ದೇ. ಕೊನೆಗೆ ಹಾಲಕ್ಕನಿಗೆ ಉಳಿದದ್ದು ದವಡೆ ನೋವು.

"ನನ್ನ ವಿಷಯ ಏನಂದೆ?" ಎಂದು ಆಮೇಲೆ ಫೋನಿನಲ್ಲಿ ಮಗಳನ್ನು ಕೇಳಿದಳು.

"ಮನೇಲೇ ಇರ್ತಾರೆ ಅಂದೆ ಅಮ್ಮಾ."

"ಮನೇಲೇ ಇರ್ತೀನಾ? ಹಂಗಾದ್ರೆ ಸಗಣಿ ಬಾಚಿ ಹುಲ್ಲು ತಂದು ನಾಲ್ಕು ಹಸು ನೋಡ್ಕೊಳ್ಳೋದು ಯಾರು, ನಿಮ್ಮಪ್ಪನಾ?"

ಬಸ್ ಡ್ರೈವರ್ ಆಗಿದ್ದ ಅಪ್ಪ, ಈ ಜಗಳ ಬೇರೆ ಯಾರದೋ ಮನೆಯದು ಎಂಬಂತೆ ಶರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

"ನಂಗೂ ಚೀನೀ ಅಷ್ಟು ಬರಲ್ಲಮ್ಮಾ."

"ನಿಂಗೆ ಬರದಿದ್ರೆ ಬಿಡು. ನಾನೇ ಹೇಳ್ತೀನಿ, ಕಲಿಸು."

ಮಗಳು ಮೂರು ಮಾತು ಧ್ವನಿಮುದ್ರಿಸಿ ಕಳಿಸಿದಳು. ನಿ ಹಾವ್: ನಮಸ್ಕಾರ. ವೋ ಶಿ ತಾ ಮಾಮಾ: ನಾನು ಇವಳ ಅಮ್ಮ. ವೋ ಯಾಂಗ್ ನ್ಯೂ: ನಾನು ಹಸು ಸಾಕುತ್ತೇನೆ. ಒಂದೊಂದು ಪದಕ್ಕೂ ದನಿ ಏರಿಸಬೇಕು, ಇಳಿಸಬೇಕು. ಸಪಾಟಾಗಿ ಹೇಳಿದರೆ ಆ ಕಡೆಯವರಿಗೆ ತಿಳಿಯುವುದಿಲ್ಲ ಎಂದು ಎಚ್ಚರಿಸಿದಳು.

ಕಲಿಯಲು ಹಾಲಕ್ಕನಿಗೆ ಬಿಡುವಿದ್ದದ್ದು ಹಾಲು ಕರೆಯುವಾಗ ಮಾತ್ರ. ಕೆಚ್ಚಲು ತೊಳೆದು, ಮೊಣಕಾಲ ನಡುವೆ ಬಕೆಟ್ಟು ಇಟ್ಟುಕೊಂಡು, ಫೋನನ್ನು ಗೋಡೆಯ ಗೂಡಿನಲ್ಲಿ ಹಾಡಲು ಬಿಟ್ಟು ತಾನೂ ಹೇಳಿಕೊಳ್ಳುವಳು. ಕೈ ಕೆಳಗೆಳೆದಾಗ ದನಿ ಬೀಳುವುದು, ಕೈ ಮೇಲೆ ಹೋದಾಗ ಏಳುವುದು. ಎಡಗೈಗೊಂದು ಪದ, ಬಲಗೈಗೊಂದು ಪದ.

"ಹಸೂಗೂ ಚೀನೀ ಕಲಿಸ್ತಿದೀಯೇನೇ?" ಎಂದು ಗಂಡ ಬಾಗಿಲಲ್ಲಿ ನಿಂತು ನಗುವನು. "ಇನ್ನು ನಾನು ಹುಲ್ಲು ಹಾಕಿದ್ರೆ ಅದು ತಿನ್ನೋದೂ ಇಲ್ಲ."

"ನೀವು ಯಾವತ್ತು ಹುಲ್ಲು ಹಾಕಿದ್ರಿ?"

ಎರಡನೆಯ ಕಾಲ್ ಒಂದು ರಜೆಯ ದಿನ ಬೆಳಿಗ್ಗೆ ಬಂತು. ಮೂರು ಹಸುಗಳ ಹಾಲು ಕರೆದು ಮುಗಿದು, ನಾಲ್ಕನೆಯ ಹಸು ಚುಕ್ಕಿ ಉಳಿದಿತ್ತು. ಹಾಲಕ್ಕ ಕೈ ತೊಳೆದು ಬಂದು ಕುರ್ಚಿಯಲ್ಲಿ ಕೂತಳು. ಬೀಗಿತ್ತಿ ಕಾಣಿಸಿದಳು.

"ನಿ ಹಾವ್," ಎಂದಳು ಹಾಲಕ್ಕ. ಅಷ್ಟೇ. ಮುಂದಿನದು ಬರಲಿಲ್ಲ. ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಕೈಗಳನ್ನು ನೋಡಿಕೊಂಡಳು. ಬೀಗಿತ್ತಿ ಮತ್ತೆ ನಗಲು ಶುರುಮಾಡಿದಳು, ಹಿಂದಿನ ಸಲದ ಅದೇ ನಗು.

"ನಾನೇ ಹೇಳ್ಬಿಡ್ಲಾ ಅಮ್ಮಾ?" ಎಂದಿತು ಫೋನಿನ ಮೂಲೆಯಿಂದ ಮಗಳ ಮುಖ.

"ಬಾಯಿ ಮುಚ್ಕೊಂಡಿರು." ಹಾಲಕ್ಕ ಎದ್ದಳು. "ರೀ, ಫೋನ್ ಹಿಡ್ಕೊಂಡು ನನ್ ಹಿಂದೆ ಬನ್ನಿ."

"ಎಲ್ಲಿಗೆ? ಕೊಟ್ಟಿಗೇಗಾ? ಮಾನ ಹೋಗುತ್ತೆ ಕಣೇ! ಸಗಣೀನೂ ಎತ್ತಿಲ್ಲ!"

"ಸಗಣಿ ಇರೋ ಕಡೆಯೇ ನಾನಿರೋದು. ಬನ್ನಿ."

ಇಸ್ತ್ರಿ ಬಟ್ಟೆಯಲ್ಲೇ ಚುಕ್ಕಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಕೆಚ್ಚಲು ನೀವಿದಳು. ಮೊದಲ ಧಾರೆ ಬಕೆಟ್ಟಿಗೆ ಬಡಿದು ಸದ್ದಾಯಿತು. ಹಸುವಿನ ಹೊಟ್ಟೆಗೆ ಹಣೆಯಾನಿಸಿ, ಫೋನಿನ ಕಡೆ ನೋಡದೆ, ಕೈಗಳ ಜೊತೆಯಲ್ಲೇ ಹೇಳಿದಳು. "ವೋ ಶಿ ತಾ ಮಾಮಾ. ವೋ ಯಾಂಗ್ ನ್ಯೂ." ಒಂದೂ ತಡವರಿಸಲಿಲ್ಲ. ಇನ್ನೊಮ್ಮೆ ಹೇಳಿದಳು, ಗಟ್ಟಿಯಾಗಿ.

ಆ ಕಡೆ ನಗು ನಿಂತಿತು. "ಬೀಗಿತ್ತಿ ಎದ್ದು ಹೊರಟೇಬಿಟ್ರಲ್ಲೇ," ಎಂದ ಗಂಡ ಗಾಬರಿಯಾಗಿ. ಹಾಲಕ್ಕ ತಿರುಗಿ ನೋಡಿದಳು. ಪರದೆಯಲ್ಲಿ ಬಾಗಿಲು ಬಂತು, ಮೆಟ್ಟಿಲು ಬಂತು, ಬಿದಿರಿನ ಬೇಲಿ ಬಂತು, ಕೆಸರು ಬಂತು. ಕೆಸರಿನ ತುಂಬ ಬಾತುಕೋಳಿಗಳು. ಬೀಗಿತ್ತಿ ಒಂದನ್ನು ಬಾಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. "ವೋ ಯಾಂಗ್ ಯಾ."

"ಅಮ್ಮಾ, ಅವರೇನಂದ್ರು ಅಂದ್ರೆ..."

"ಗೊತ್ತಾಯ್ತು. ಅವರ ಮಗಾನೂ ಅಮ್ಮ ಮನೇಲೇ ಇರ್ತಾರೆ ಅಂದಿರ್ಬೇಕು."



ಹಾಲಕ್ಕ ಕೈ ನಿಲ್ಲಿಸಲಿಲ್ಲ. ಬಕೆಟ್ಟಿನಲ್ಲಿ ನೊರೆ ಏರುತ್ತಿತ್ತು, ಚುಕ್ಕಿಯ ಕೆಚ್ಚಲಲ್ಲಿ ಇನ್ನೂ ಹಾಲಿತ್ತು.

"ಎಷ್ಟು ಬಾತುಕೋಳಿ ಇವೆ ಅಂತ ಕೇಳೋದು ಹೆಂಗೆ? ಬೇಗ ಹೇಳು," ಎಂದಳು. "ಚುಕ್ಕಿ ಹಾಲು ಮುಗಿಯೋದ್ರೊಳಗೆ ಕಲೀಬೇಕು."