ನಿಂತವರ ಸಿನಿಮಾ

ನಮ್ಮ ಬಟ್ಟೆ ಅಂಗಡಿಗೆ ಮೂರು ಮಹಡಿ. ಗಿರಾಕಿಗಳಿಗೆ ಮೆತ್ತನೆಯ ಸ್ಟೂಲುಗಳಿವೆ. ಕೆಲಸದ ಹೆಂಗಸರು ಮಾತ್ರ ಕೂರುವ ಹಾಗಿಲ್ಲ. ಊಟದ ಹೊತ್ತು ಬಿಟ್ಟರೆ, ಬೆಳಿಗ್ಗೆ ಷಟರ್ ಎತ್ತಿದಾಗ ನಿಂತವರು ಅದು ಇಳಿಯುವ ತನಕ ನಿಂತೇ ಇರಬೇಕು. ಗಿರಾಕಿ ಇಲ್ಲದಾಗಲೂ ಅಷ್ಟೆ. ಗೋಡೆಗೆ ಒರಗಿದರೆ ಸೂಪರ್‌ವೈಸರ್ ಕೆಮ್ಮುತ್ತಾನೆ. ಕಾಲು ಊದುತ್ತದೆ, ಹಿಮ್ಮಡಿ ಉರಿಯುತ್ತದೆ. ನಮಗೆ ಸಂಬಳ ಕೊಡುವುದು ಬಟ್ಟೆ ಮಾರುವುದಕ್ಕಲ್ಲ, ನಿಲ್ಲುವುದಕ್ಕೆ ಎಂದು ನಾನು ಯಾವಾಗಲೂ ಹೇಳುತ್ತೇನೆ.

ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ನಿಂತವಳು ದೊಡ್ಡಕ್ಕ. ಅವಳ ಮೀನಖಂಡದ ನರಗಳು ಹಗ್ಗದ ಹಾಗೆ ಗಂಟು ಕಟ್ಟಿವೆ. ಅವಳ ಒಬ್ಬಳೇ ಮಗಳಿಗೆ ಸಿನಿಮಾ ಹುಚ್ಚು. ನೋಡುವ ಹುಚ್ಚಲ್ಲ, ಮಾಡುವ ಹುಚ್ಚು. ಊರವರ ಮದುವೆಗಳ ವಿಡಿಯೋ ತೆಗೆದು ಒಂದು ಹಳೇ ಕ್ಯಾಮೆರಾ ಕೊಂಡಿದ್ದಳು. ನಾವು ಅವಳನ್ನು ಡೈರೆಕ್ಟರಮ್ಮ ಎಂದು ಕಾಡಿಸುತ್ತಿದ್ದೆವು.

ಒಂದು ಮಧ್ಯಾಹ್ನ ನಾವು ಗೋದಾಮಿನಲ್ಲಿ ಡಬ್ಬಿ ಬಿಚ್ಚಿ ಕೂತಿದ್ದಾಗ ಅವಳು ಬಂದು ತನ್ನ ಚಿತ್ರಕಥೆ ಓದಿದಳು. ಅಂಗಡಿ ಹೆಂಗಸೊಬ್ಬಳ ಕಥೆ. ಆ ಹೆಂಗಸು ಪುಟಗಟ್ಟಲೆ ಮಾತಾಡಿ, ಗೋಳಾಡಿ, ಕೊನೆಗೆ ಮಾಲೀಕನ ಮುಂದೆ ಭಾಷಣ ಬಿಗಿಯುತ್ತಾಳೆ.

"ಇಷ್ಟೊಂದು ಮಾತಾಡೋಕೆ ಅವಳಿಗೆ ಯಾರೇ ಬಿಟ್ರು?" ಅಂದೆ ನಾನು.

"ಚೆನ್ನಾಗಿಲ್ವಾ ಚಿಕ್ಕಮ್ಮ?"

"ಚೆನ್ನಾಗಿದೆ. ಆದ್ರೆ ಅವಳು ನಮ್ಮಂಗಡಿಯೋಳಲ್ಲ. ಸೂಪರ್‌ವೈಸರ್ ಬಂದ್ರೆ ನಮಗೆ ಸೀನೋಕೂ ಧೈರ್ಯ ಇರಲ್ಲ, ಭಾಷಣ ಎಲ್ಲಿಂದ ಬರ್ಬೇಕು?"

ಎಲ್ಲರೂ ನಕ್ಕರು. ಹುಡುಗಿಯ ಮುಖ ಸಪ್ಪಗಾಯಿತು. ನನಗೂ ಅಯ್ಯೋ ಅನ್ನಿಸಿತು. ಆದರೆ ಅವಳು ಬಿಡುವವಳಲ್ಲ. ಅಮ್ಮನಿಗೆ ಡಬ್ಬಿ ಕೊಡುವ ನೆಪದಲ್ಲಿ ದಿನವೂ ಬಂದು ಬಟ್ಟೆಯ ಥಾನುಗಳ ಹಿಂದೆ ನಿಂತು ನೋಡುತ್ತಿದ್ದಳು. ಮುಖ ನೋಡುತ್ತಿರಲಿಲ್ಲ, ನಮ್ಮ ಕಾಲು ನೋಡುತ್ತಿದ್ದಳು. ನಾವು ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತು ಇನ್ನೊಂದಕ್ಕೆ ಬಿಡುವು ಕೊಡುವುದು, ಕೌಂಟರಿನ ಮರೆಯಲ್ಲಿ ಚಪ್ಪಲಿ ಕಳಚಿ ಬೆರಳು ಅರಳಿಸುವುದು. ಎರಡನೇ ಸಲ ಬರೆದು ತಂದದ್ದರಲ್ಲಿ ಮಾತೇ ಇರಲಿಲ್ಲ ಎನ್ನಬಹುದು. ಅವಳು ಓದಿ ಮುಗಿಸಿದಾಗ ಯಾರೂ ಕಾಡಿಸಲಿಲ್ಲ. ದೊಡ್ಡಕ್ಕ ಕೈ ತೊಳೆಯುವ ನೆಪ ಹೇಳಿ ಎದ್ದು ಹೋದಳು.

ಅಂಗಡಿಯೊಳಗೇ ಚಿತ್ರ ತೆಗೆಯಬೇಕಿತ್ತು. ಯಜಮಾನರು ಅಡ್ಡಿ ಹೇಳಲಿಲ್ಲ.

"ದೊಡ್ಡಕ್ಕನ ಮಗಳು ಅಂದ್ರೆ ನಮ್ಮನೆ ಮಗಳಿದ್ದಂಗೆ. ರಜಾ ದಿನ ತಗೋಮ್ಮ. ಬಾಡಿಗೆ ಗೀಡಿಗೆ ಏನೂ ಬೇಡ."

ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಜನ ನಾವು. ಅವರ ದೊಡ್ಡ ಮನಸ್ಸನ್ನು ಬಾಯಿ ತುಂಬ ಹೊಗಳಿದೆವು. ರಜಾ ದಿನ ಹೋಗಿ ನಮ್ಮ ನಮ್ಮ ಪಾತ್ರ ಮಾಡಿದೆವು. ಅಂದರೆ ಅವತ್ತೂ ನಿಂತೆವು. "ಬಿಟ್ಟಿ ನಿಂತಿದ್ದು ಇವತ್ತೇ ಮೊದಲು" ಎಂದು ನಾನಂದೆ.

ಸಂಜೆ ದೀಪ ಸರಿಮಾಡುತ್ತಿದ್ದಾಗ ದೊಡ್ಡಕ್ಕ ಸುಸ್ತಾಗಿ ಗಿರಾಕಿಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷದಲ್ಲಿ ಅವಳು ಅದರ ಮೇಲೆ ಕೂತದ್ದೇ ಇರಲಿಲ್ಲ. ಅಂಗಡಿಯನ್ನೆಲ್ಲ ಒಮ್ಮೆ ನೋಡಿದಳು. ಕಾಲು ಚಾಚಿದಳು. ಆಮೇಲೆ ಅವಳ ಮುಖದ ತುಂಬ ಒಂದು ನಗು ಬಂತು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಬರೆದೂ ಇರಲಿಲ್ಲ. ಮಗಳು ಅವಳ ಕಡೆಗೆ ಕ್ಯಾಮೆರಾ ತಿರುಗಿಸಿದಳು.

"ಇದೇ ಚಿಕ್ಕಮ್ಮ ನನ್ನ ಸಿನಿಮಾ. ಉಳಿದಿದ್ದೆಲ್ಲ ಇದಕ್ಕೆ ದಾರಿ ಅಷ್ಟೆ," ಎಂದು ಆಮೇಲೆ ನನ್ನ ಕೈ ಹಿಡಿದು ಹೇಳಿದಳು. ಆ ಹುಡುಗಿ ನಮ್ಮ ಕಣ್ಣೆದುರೇ ದೊಡ್ಡವಳಾಗಿದ್ದಳು.

ದೂರದ ಒಂದು ಚಿತ್ರೋತ್ಸವಕ್ಕೆ ಸಿನಿಮಾ ಆಯ್ಕೆಯಾಯಿತು. ಅಲ್ಲಿ ತೋರಿಸಿದರೆ ಮುಂದಿನ ಸಿನಿಮಾಕ್ಕೆ ಯಾರಾದರೂ ಕೈ ಹಿಡಿಯುತ್ತಾರೆ ಎಂಬ ಆಸೆ ಅವಳಿಗೆ. ಸುದ್ದಿ ತಿಳಿದ ಯಜಮಾನರು ಕರೆಸಿದರು.

"ಮೊದಲು ನಮ್ಮಂಗಡಿಯವರು ನೋಡ್ಲಿ. ದೊಡ್ಡ ಪರದೆ ತರಿಸ್ತೀನಿ."

ಅವರ ಪ್ರಚಾರದ ಹುಡುಗ ಪಕ್ಕದಲ್ಲೇ ಇದ್ದ. "ದೊಡ್ಡ ಪರದೆಗೆ ಮೂಲ ಫೈಲೇ ಬೇಕು ಮೇಡಂ. ಹೆಸರು, ಸಂಗೀತ ಏನೂ ಇಲ್ಲದ್ದು. ಅದೆಲ್ಲ ನಾವು ಸೇರಿಸ್ಕೋತೀವಿ," ಎಂದ. ಅವಳನ್ನು ಮೇಡಂ ಎಂದು ಕರೆದವನು ಅವನೇ ಮೊದಲಿಗ. ಹುಡುಗಿ ಎಲ್ಲವನ್ನೂ ಕೊಟ್ಟಳು. ಮೊದಲ ಸಿನಿಮಾ ದೊಡ್ಡದಾಗಿ ಕಾಣಲಿ ಎಂದು ಯಾರಿಗೆ ತಾನೇ ಆಸೆಯಿರುವುದಿಲ್ಲ?

ಪರದೆ ಬಂತು. ಬಾಗಿಲಿನ ಎದುರಿಗೇ, ನಮ್ಮ ಕೌಂಟರಿನ ತಲೆಯ ಮೇಲೆ. ಅದರಲ್ಲಿ ದೊಡ್ಡಕ್ಕ ನಗುತ್ತಿದ್ದಳು. ಸ್ಟೂಲಿಲ್ಲ, ಚಾಚಿದ ಕಾಲಿಲ್ಲ, ಬರೀ ಮುಖ. ಯಾವಳೋ ಇಂಪಾದ ದನಿಯಲ್ಲಿ ಹೇಳುತ್ತಿದ್ದಳು: "ನಿಮ್ಮ ಸೇವೆಗೆ ನಿಂತಾಗಲೇ ನಮಗೆ ನೆಮ್ಮದಿ." ಮುಗಿಯುವುದು, ಮತ್ತೆ ಶುರುವಾಗುವುದು. ಬೀದಿಯ ಗೋಡೆಗಳ ಮೇಲೂ ಅದೇ ನಗು ಬಂತು. ಚಿತ್ರೋತ್ಸವದವರಿಂದ ಫೋನು ಬಂತು. ಜಾಹೀರಾತಿನಲ್ಲಿ ಬಂದ ದೃಶ್ಯಗಳಿರುವ ಸಿನಿಮಾವನ್ನು ನಾವು ತೋರಿಸುವುದಿಲ್ಲ ಎಂದರು.

ತಾಯಿ ಮಗಳ ಜೊತೆ ನಾನೂ ಯಜಮಾನರ ಕೋಣೆಗೆ ಹೋದೆ.

"ತೆಗೆಸಿಬಿಡಿ ಸರ್. ಚಿತ್ರೋತ್ಸವದವರಿಗೊಂದು ಮಾತು ಹೇಳಿ. ಅದು ನನ್ನ ಸಿನಿಮಾ," ಅಂದಳು ಹುಡುಗಿ.

"ನಿಂದು ಹೇಗಮ್ಮ? ಅಂಗಡಿ ನಂದು, ದೀಪ ನಂದು, ಅದ್ರಲ್ಲಿ ಇರೋರು ನನ್ನ ಸಂಬಳದೋರು. ನಿಂದೇನಿದೆ ಅದ್ರಲ್ಲಿ?"

"ನೋಡಿದ್ದು ನಾನು ಸರ್."

ಯಜಮಾನರು ಮನಸಾರೆ ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು: "ನಿಮ್ಮಮ್ಮ ಇನ್ನೂ ಇಲ್ಲೇ ಕೆಲಸ ಮಾಡ್ಬೇಕಲ್ವಾ?"

ಹುಡುಗಿ ಅಮ್ಮನ ಕೈ ಹಿಡಿದು ಬಾಗಿಲ ಕಡೆ ತಿರುಗಿದಳು. ಏನು ಮಾಡಲಿ, ನಾನೂ ಬಾಯಿ ಮುಚ್ಚಿಕೊಂಡೇ ಹೊರಗೆ ಬಂದೆ. ದೊಡ್ಡಕ್ಕ ಹೋಗಿ ತನ್ನ ಜಾಗದಲ್ಲಿ, ತನ್ನ ನಗುವಿನ ಕೆಳಗೆ ನಿಂತಳು.

ಕೆಲವು ದಿನ ಹಾಗೇ ನಡೆಯಿತು. ಒಮ್ಮೆ ಗಿರಾಕಿ ಹೆಂಗಸೊಬ್ಬಳು ಪರದೆಯನ್ನೂ ದೊಡ್ಡಕ್ಕನನ್ನೂ ನೋಡಿ, "ನೀವೇ ಅಲ್ವಾ? ದಿನವೆಲ್ಲ ನಿಂತ್ಕೊಂಡೂ ಎಷ್ಟು ಚೆನ್ನಾಗಿ ನಗ್ತೀರಿ!" ಅಂದಳು.

"ಅವಾಗ ನಾನು ಕೂತಿದ್ದೆ ಕಣಮ್ಮ," ಅಂದಳು ದೊಡ್ಡಕ್ಕ. ಒಂದು ಸ್ಟೂಲು ಎಳೆದು, "ಹೀಗೆ," ಎಂದು ಕೂತಳು.

ಸೂಪರ್‌ವೈಸರ್ ಕೆಮ್ಮಿದ. ದೊಡ್ಡಕ್ಕ ಕದಲಲಿಲ್ಲ.

"ಏಳ್ರೀ ಮೇಲೆ! ಗಿರಾಕಿ ಮುಂದೆ ಇದೇನ್ರೀ?"

"ಸ್ವಲ್ಪ ಹೊತ್ತು ಕೂತಿರ್ತೀನಪ್ಪ. ಕಾಲು ನೋಯ್ತಿದೆ."

ಅಷ್ಟೇ ಅವಳ ಭಾಷಣ. ಸಂಜೆಯೊಳಗೆ ಅವಳ ಕೆಲಸ ಹೋಯಿತು. ನಾವು ಯಾರೂ ಕೂರಲಿಲ್ಲ, ಯಾರೂ ತಡೆಯಲಿಲ್ಲ. ನಮಗೂ ಮಕ್ಕಳಿವೆ.

ಮಾರನೆಯ ದಿನ ಪರದೆಯ ಮೇಲೆ ದೊಡ್ಡಕ್ಕ ಎಂದಿನಂತೆ ನಗುತ್ತಿದ್ದಳು. ಅವಳನ್ನು ತೆಗೆದರು, ಅವಳ ನಗುವನ್ನು ತೆಗೆಯಲಿಲ್ಲ. ಅದಕ್ಕೆ ಸಂಬಳ ಕೊಡಬೇಕಾಗಿಲ್ಲವಲ್ಲ.

ಮಧ್ಯಾಹ್ನ ಗಾಜಿನ ಆಚೆ ನೋಡಿದರೆ, ಎದುರಿನ ಕಾಲುದಾರಿಯಲ್ಲಿ ಹುಡುಗಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಕ್ಯಾಮೆರಾ ನಮ್ಮ ಕಡೆಗಿತ್ತು. ಪರದೆಯ ನಗು, ಅದರ ಕೆಳಗಿನ ಖಾಲಿ ಜಾಗ, ಅಕ್ಕಪಕ್ಕ ನಿಂತ ನಾವು, ಎಲ್ಲವೂ ಅವಳಿಗೆ ಕಾಣುತ್ತಿದ್ದಿರಬೇಕು. ಸೂಪರ್‌ವೈಸರ್ ಓಡಿ ಹೋಗಿ ಗದರಿದ. ಬೀದಿಯಲ್ಲಿ ನಿಂತವಳನ್ನು ಅಟ್ಟಲು ಅವನಿಂದ ಆಗಲಿಲ್ಲ. ಒಳಗೆ ಬಂದು ನಮ್ಮ ಮೇಲೆ ಹರಿಹಾಯ್ದ.

"ಎಲ್ರೂ ಆ ಕಡೆ ತಿರುಗಿ! ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತ್ಕೊಳ್ಳಿ!"

ಪಕ್ಕದವಳ ಉಸಿರಾಟ ನನಗೆ ಕೇಳುತ್ತಿತ್ತು.

"ಕೇಳಿಸ್ತಿಲ್ವಾ? ತಿರುಗಿ!"

ನಾವು ಯಾರೂ ತಿರುಗಲಿಲ್ಲ.