ಕಾರ್ಖಾನೆಯ ಹಿಡಿಕೆ

ತಪಾಸಣೆಯ ಮೇಜಿನ ಹಿಂದೆ ಕೂತವರನ್ನು ಶೂಟಿಂಗ್ ಕ್ಲಬ್ಬಿನವರೆಲ್ಲ ತಕ್ಕಡಿ ಮಾಮ ಎಂದೇ ಕರೆಯುತ್ತಿದ್ದರು. ಸ್ಪರ್ಧೆಗೆ ಬಂದ ಪ್ರತಿ ಪಿಸ್ತೂಲೂ ಅವರ ತಕ್ಕಡಿ ಹತ್ತಿ ಇಳಿದೇ ಒಳಗೆ ಹೋಗಬೇಕು. ಅಮ್ಮ ಮೇಜಿನ ಮೇಲಿಟ್ಟ ಮಗಳ ಪಿಸ್ತೂಲು ತೂಕದಲ್ಲಿ ಪಾಸಾಯಿತು. ಅಳತೆಯ ಪೆಟ್ಟಿಗೆಯಲ್ಲಿ ಸಲೀಸಾಗಿ ಕೂತಿತು. ಅಮ್ಮ ಇನ್ನೇನು ಉಸಿರುಬಿಡಬೇಕು, ಮಾಮ ಕನ್ನಡಕವನ್ನು ಹಣೆಗೇರಿಸಿ ಪಿಸ್ತೂಲನ್ನು ಮಗುಚಿ ನೋಡಿದರು.

"ಈ ಹಿಡಿಕೆ ಯಾವ ಕಾರ್ಖಾನೆದು?"

"ನನ್ನ ಕಾರ್ಖಾನೆದೇ. ನಾನೇ ಕೆತ್ತಿದ್ದು," ಎಂದಳು ಅಮ್ಮ, ಹೆಮ್ಮೆಯಿಂದಲೇ.

ಬಂದೂಕು ರಿಪೇರಿ ಅವಳ ಕಸುಬು. ಮಗಳ ಬಲಗೈಗೆ ಹುಟ್ಟಿನಿಂದ ಕೊನೆಯ ಎರಡು ಬೆರಳಿಲ್ಲ. ಆ ಜಾಗ ತುಂಬುವಂತೆ ಹಿಡಿಕೆಯ ಕೆಳಗೆ ಮರದ ಉಬ್ಬೊಂದನ್ನು ಬಿಟ್ಟು, ಮಗಳ ಅಂಗೈಗೆ ಮತ್ತೆ ಮತ್ತೆ ಒತ್ತಿ ನೋಡಿ, ಮನೆಗೆಲಸ ಮುಗಿದು ಉಳಿದ ಹೊತ್ತಿನಲ್ಲೆಲ್ಲ ಉಜ್ಜಿದ್ದಳು. ಕೈಗೆ ಹೊಂದಿತು ಎಂದರೆ ಅವಳ ಪಾಲಿಗೆ ಕೆಲಸ ಮುಗಿದಂತೆ. ಯಾವ ವಿಭಾಗಕ್ಕೆ ಎಂದು ಕೇಳಬೇಕೆನ್ನುವುದು ಹೊಳೆದೇ ಇರಲಿಲ್ಲ.

"ಕೆತ್ತನೆಗೆ ಎರಡು ಮಾತಿಲ್ಲಮ್ಮ. ಆದ್ರೆ ಸಾಮಾನ್ಯ ವಿಭಾಗದಲ್ಲಿ ಹಿಡಿಕೆ ಕಾರ್ಖಾನೆಯಿಂದ ಬಂದ ಹಾಗೇ ಇರ್ಬೇಕು. ಇವಳನ್ನ ಮುಕ್ತ ವಿಭಾಗಕ್ಕೆ ಬರೀತೀನಿ. ಅಲ್ಲಿ ಏನು ಹಾಕ್ಕೊಂಡ್ರೂ ನಡೆಯುತ್ತೆ."

"ಅಲ್ಲಿರೋರು ಪಿಸ್ತೂಲಿಗೆ ದುರ್ಬೀನು ಸಿಕ್ಕಿಸ್ಕೊಂಡು ಬಂದಿದ್ದಾರೆ ಮಾಮ! ಮಗು ಕೈ ನೋಡಿ, ಸ್ವಲ್ಪ ಕಣ್ಮುಚ್ಚಿ."

"ಕಣ್ಮುಚ್ಚೋ ಹಾಗಿದ್ರೆ ಮನೇಲೇ ಮಲಗ್ತಿದ್ದೆ. ನಿಯಮದ ಪುಸ್ತಕದಲ್ಲಿ ಪಿಸ್ತೂಲಿನ ಬಗ್ಗೆ ಬರ್ದಿದೆ, ಕೈ ಬಗ್ಗೆ ಬರ್ದಿಲ್ಲ. ಅರ್ಜಿ ಹಾಕಿ, ಮುಂದಿನ ಸಲ ವಿನಾಯಿತಿ ಕೊಟ್ರೂ ಕೊಟ್ಟಾರು."

"ವಿನಾಯಿತಿ ಬೇಡ," ಎಂದಳು ಪಕ್ಕದಲ್ಲಿದ್ದ ಮಗಳು. "ಮುಕ್ತ ವಿಭಾಗಾನೂ ಬೇಡ. ಇಷ್ಟು ದಿನ ಈ ಸಾಮಾನ್ಯ ವಿಭಾಗದವರ ಜೊತೆ ಕಲ್ತಿದ್ದೀನಿ, ಇವರ ಸಾಲಲ್ಲೇ ನಿಲ್ತೀನಿ."

ಅವಳು ಚೀಲದಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದಳು. ಪಿಸ್ತೂಲಿನ ಜೊತೆ ಬಂದಿದ್ದ ಕರಿಯ ಪ್ಲಾಸ್ಟಿಕ್ ಹಿಡಿಕೆ. ಅಮ್ಮ ಅದನ್ನೂ ಮಗಳನ್ನೂ ನೋಡಿದಳು.

"ನಿಂಗೆ ಮೊದ್ಲೇ ಗೊತ್ತಿತ್ತೇನೇ?"

"ನಿಯಮ ಓದಿದ್ದೆ."

"ಮತ್ತೆ ಹೇಳೋಕೇನಾಗಿತ್ತು?"

"ನೀನು ಅಷ್ಟು ಆಸೆಯಿಂದ ಉಜ್ತಾ ಇದ್ದೆ. ಹೇಗೆ ಹೇಳ್ಲಿ? ಮಾಮ ಬಿಟ್ರೂ ಬಿಡಬಹುದು ಅನ್ಕೊಂಡೆ."

ಮಾಮ ಸ್ಕ್ರೂಡ್ರೈವರನ್ನು ಮುಂದೆ ತಳ್ಳಿದರು. ಎಷ್ಟೋ ಜನರ ಬಂದೂಕು ಬಿಚ್ಚಿದ ಅಮ್ಮನ ಕೈ ಎರಡು ಸಣ್ಣ ಸ್ಕ್ರೂಗಳ ಮೇಲೆ ಜಾರಿತು. ಮರದ ಹಿಡಿಕೆ ಕಳಚಿ ಬಂದಾಗ ಅಮ್ಮ ಅದನ್ನು ನೋಡದೆ ಪಕ್ಕಕ್ಕಿಟ್ಟಳು. ಕರಿಯದನ್ನು ಕೂರಿಸಿ ಬಿಗಿದಳು, ಅಲ್ಲಾಡುತ್ತದೆಯೋ ಎಂದು ಹಿಡಿದು ನೋಡಿದಳು. ಮಾಮ ಇನ್ನೊಮ್ಮೆ ತೂಗಿ ಮುದ್ರೆ ಒತ್ತಿದರು.

ಸಾಲಿನಲ್ಲಿ ಮಗಳು ಮೂರನೆಯವಳು. ಪ್ರತಿ ಗುಂಡಿಗೂ ಪಿಸ್ತೂಲು ಅವಳ ಅಂಗೈಯೊಳಗೆ ಹೊರಳುತ್ತಿತ್ತು. ಅವಳು ಎಡಗೈಯಿಂದ ಅದನ್ನು ಸರಿಮಾಡಿ, ಮತ್ತೆ ತೋಳು ನೀಡಿ, ಮತ್ತೆ ಹೊಡೆಯುತ್ತಿದ್ದಳು. ಅಕ್ಕಪಕ್ಕದವರು ಮುಗಿಸಿ ಹಿಂದೆ ಸರಿದಾಗ ಅವಳಿಗಿನ್ನೂ ಗುಂಡುಗಳು ಉಳಿದಿದ್ದವು. ಸಮಯ ಮುಗಿದ ಗಂಟೆ ಹೊಡೆಯಿತು, ಅವು ಹಾಗೇ ಉಳಿದವು.

ಫಲಿತಾಂಶದ ಹಲಗೆಯ ಮೇಲೆ ಸಾಮಾನ್ಯ ವಿಭಾಗದ ಕೊನೆಯಲ್ಲಿ ಅವಳ ಹೆಸರು ಬಿತ್ತು. ಹೊರಬಂದ ಮಗಳ ಅಂಗೈ ಕೆಂಪಗೆ ಸುಲಿದಿತ್ತು.

"ಆ ಹಿಡಿಕೆ ಇದ್ದಿದ್ರೆ..." ಎಂದು ಅಮ್ಮ ಬಾಯಿಬಿಟ್ಟಳು.

"ಇದ್ದಿದ್ರೆ ನನ್ನ ಹೆಸರು ಇವರ ಸಾಲಲ್ಲಿ ಇರ್ತಿರ್ಲಿಲ್ಲ ಕಣಮ್ಮ. ಕೈ ಉರೀತಿದೆ, ಸ್ವಲ್ಪ ನೀರು ಹುಯ್ಯಿ."

ಅಮ್ಮ ಬಾಟಲಿಯ ಮುಚ್ಚಳ ತಿರುಗಿಸಿದಳು. ಆ ಕೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು, ನಿಧಾನವಾಗಿ ನೀರು ಬಿಟ್ಟಳು.