ಕುರಿ ಮೇಯ್ದ ಸಜ್ಜೆ

“ಬೆಳೀನ ಕುರಿಗಿ ತಿನ್ನಿಸಿ ಸರಕಾರದ ಮುಂದ ತಾಟ ಹಿಡಕೊಂಡ ನಿಂತಾನ ನೋಡ್ರಿ! ಇವನ ನಾಚಿಕೀನೂ ಕುರಿ ತಿಂದಾವೇನು?”

ಊರಿನ ಹೊಲಗಳ ಲೆಕ್ಕ ಬರೆಯುವ ತಲಾಠಿ ಸಾಹೇಬರು ನನ್ನ ಕಡೆ ಕೈ ಮಾಡಿ ಇದನ್ನು ಮರಾಠಿಯಲ್ಲಿ ಹೇಳಿದ್ದರು. ಚಾವಡಿಯಲ್ಲಿದ್ದವರಿಗೆಲ್ಲ ಮರಾಠಿ ಬರುತ್ತದೆ. ಆದರೂ ಸಾಹೇಬರ ಕೈಕೆಳಗಿನ ಚಾಕರಿಯವ, ಕೋತವಾಲ ಈಶ್ವರ, ಕನ್ನಡದಲ್ಲಿ ಇನ್ನೊಮ್ಮೆ ಜೋರಾಗಿ ಹೇಳಿದ. ಹೀಗಾಗಿ ಜನ ಎರಡು ಸಲ ನಕ್ಕರು.

ಆದದ್ದು ಇಷ್ಟು. ಸಜ್ಜೆ ತೆನೆ ಕಟ್ಟಿದ ಮೇಲೆ ಮಳೆ ಹಿಡಿಯಿತು. ಮಳೆ ಬರಲಿ ಎಂದು ಕಾಯುವುದು ನಮಗೆ ಗೊತ್ತು, ನಿಲ್ಲಲಿ ಎಂದು ಕಾಯುವುದು ಗೊತ್ತಿಲ್ಲ. ತೆನೆ ಕಪ್ಪಾಗಿ ಕಾಳು ಅದರಲ್ಲೇ ಮೊಳೆಯಿತು. ಒಂದು ಮುಂಜಾನೆ ಅಪ್ಪ ಬೇಲಿ ಸರಿಸಿ ಹೊಲಕ್ಕೆ ಕುರಿ ಬಿಟ್ಟ.

“ನಮ್ಮ ಬಾಯಿಗಿ ಬರಲಿಲ್ಲ, ಮೂಕ ಜೀವದ ಬಾಯಿಗರ ಹೋಗ್ಲಿ,” ಎಂದ.

ಕುರಿ ಸಾಕುವ ಮನೆತನಗಳಲ್ಲಿ ಇದೇ ರೂಢಿ. ಪೈರು ನಿಂತಲ್ಲೇ ಕೊಳೆತರೆ ಭೂಮಿತಾಯಿಗೆ ಅವಮಾನ ಎನ್ನುತ್ತಾರೆ.

ಸರಕಾರದ ಪರಿಹಾರಕ್ಕೆಂದು ನುಕಸಾನಿ ಬರೆದುಕೊಳ್ಳಲು ಪಂಚನಾಮೆಯವರು ಬಂದದ್ದು ಆಮೇಲೆ. ಬಾಜೂ ಹೊಲದ ಶ್ರೀಶೈಲಪ್ಪನ ಸಜ್ಜೆ ಕೊಳೆತು ಹಾಗೇ ನಿಂತಿತ್ತು. ಅದರ ಫೋಟೋ ತೆಗೆದರು. ನಮ್ಮಲ್ಲಿ ಬರೀ ಕೂಳೆ. ‘ಪೀಕು ಇಲ್ಲ’ ಎಂದು ಬರೆದು ಹೋದರು. ಕೊಳೆಸಿದವನು ರೈತ, ಕುರಿಗೆ ಹಾಕಿದವನು ಕಳ್ಳ!

ಆ ಪರಿಹಾರ ಬಂದಿದ್ದರೆ ಹಿಂಗಾರಿ ಜೋಳ ನಾವೇ ಬಿತ್ತುತ್ತಿದ್ದೆವು. ಕುರಿ ಮಾರೋಣವೆಂದರೆ ಮಳೆಯಲ್ಲಿ ನೆನೆದು ಅವಕ್ಕೆ ಕಾಲುಬೇನೆ. ಕುಂಟುವ ಕುರಿಯನ್ನು ಸಂತೆಯಲ್ಲಿ ಯಾರೂ ಮುಟ್ಟಲಿಲ್ಲ. ಇನ್ನು ಉಳಿದದ್ದು ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಡುವುದು. ಹಾಗೆ ಹೋದ ಹೊಲ ತಿರುಗಿ ಬಂದದ್ದನ್ನು ನಮ್ಮೂರಲ್ಲಿ ನಾನಂತೂ ಕಂಡಿಲ್ಲ.

“ಸಾಹೇಬ್ರ, ಬೆಳಿ ಇತ್ತರಿ. ಬೇಕಾದ್ರ ಬಾಜೂ ಹೊಲದವ್ರನ್ನ ಕೇಳ್ರಿ,” ಎಂದೆ.

“ಅವ್ರು ಹೂಂ ಅಂದ್ರ ಈಗಿಂದೀಗ ತಿದ್ದತೀನಿ,” ಎಂದರು ಸಾಹೇಬರು ಮರಾಠಿಯಲ್ಲೇ.

ಶ್ರೀಶೈಲಪ್ಪ ಅಲ್ಲೇ ಗೋಡೆಗೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಕಾಕಾ, ಅವತ್ತ ಬದುವಿನ ಮ್ಯಾಲ ನಿಂತು ನೀವೂ ನೋಡೀರಲ್ಲ. ಹೇಳ್ರಿ.”

ಎಲ್ಲರೂ ಅವನ ಬಾಯಿ ನೋಡಿದರು. ಅವನು ಎಲೆ ಮಡಚಿ ದವಡೆಗಿಟ್ಟುಕೊಂಡ.

“ಕುರಿ ನೋಡೇನಪಾ. ಬೆಳಿ ನೋಡಿದ್ದು ನೆನಪಿಲ್ಲ.”

“ಮತ್ತ ಕುರಿ ಏನು ಕಲ್ಲು ಮೇಯ್ದಾವೇನ್ರಿ?”

“ಏ, ಸರೀಲೇ ಆ ಕಡೆ! ಹಿಂದ ಮಂದಿ ನಿಂತೈತಿ,” ಎಂದು ಈಶ್ವರ ನನ್ನ ರಟ್ಟೆ ಹಿಡಿದು ಎಳೆದ. ಸಾಹೇಬರು ಆಗಲೇ ಮುಂದಿನವರನ್ನು ಕರೆದಿದ್ದರು.

ಹೊರಗೆ ಬೇವಿನ ಕೆಳಗೆ ಶ್ರೀಶೈಲಪ್ಪ ಹಿಂದೆಯೇ ಬಂದು ಹೆಗಲ ಮೇಲೆ ಕೈ ಹಾಕಿದ.

“ಸಿಟ್ಟಾಗಬ್ಯಾಡೋ ಬಸಗೊಂಡಾ. ನಿಮ್ಮಪ್ಪ ನಿನ್ನೆ ಸಂಜೀಕ ನಮ್ಮ ಮನಿಗಿ ಬಂದಿದ್ದ. ಹೊಲಾ ನನಗ ಪಾಲಿಗಿ ಕೊಡೂ ಮಾತಾತು. ನಿಂಗ ಹೇಳಿಲ್ಲೇನು?”

ಅಪ್ಪ ಹೇಳಿರಲಿಲ್ಲ. ಬೆಳಿಗ್ಗೆ ನಾನು ಚಾವಡಿಗೆ ಹೊರಟಾಗ ಕುರಿಯ ಗೊರಸಿಗೆ ಔಷಧಿ ಹಚ್ಚುತ್ತ ತಲೆ ಎತ್ತಿರಲಿಲ್ಲ, ಅಷ್ಟೇ.

“ನಾ ಒಳಗ ಬೆಳಿ ಇತ್ತು ಅಂದಿದ್ರ, ನಿಮಗ ಪರಿಹಾರ ಬಂದಿದ್ರ, ನೀವು ಮಾತ ಮುರೀತಿದ್ರಿ. ಹೌದಲ್ಲೊ? ಇರಲಿ. ಬೀಜ ನಂದು, ಗೊಬ್ಬರ ನಂದು. ಗಳೆ ನೀನಽ ಹೊಡಿ, ನೀನಽ ಬಿತ್ತು, ಪಗಾರ ಕೊಡತೀನಿ. ಹೊರಗಿನವ್ರ ಯಾಕ ಬೇಕು? ನಾಳೆ ಲಗೂನ ಬರತೀಯಿಲ್ಲೊ?”

ನನ್ನ ಹೊಲ. ನನಗೇ ಪಗಾರ.

ಅವನ ಕೈಯನ್ನು ಹೆಗಲಿನಿಂದ ತೆಗೆದೆ.

“ಏ, ನಿನ್ನ ಕೇಳಾಕತ್ತೀನಲೇ! ಬರತಿಯೋ ಇಲ್ಲೊ?”

ನಾನು ತಹಶೀಲದಾರರ ಕಚೇರಿಯಿರುವ ಸಂಖದ ರಸ್ತೆ ಹಿಡಿದು ನಡೆದೆ.